ಭಾನುವಾರದ ತಳಮಳಕ್ಕೆ ಶುಕ್ರವಾರವೇ ಮದ್ದು

ಭಾನುವಾರ ಸಂಜೆ 7ಕ್ಕೆ ಮೈಸೂರು ಅರಮನೆಯ ದೀಪಗಳು ಹತ್ತುತ್ತವೆ. ನೋಡಲು ಬಂದವರು ಮೊಬೈಲ್ ಎತ್ತಿ ಹಿಡಿದಿರುತ್ತಾರೆ. ಬೆಳಗಾದರೆ ಬೆಂಗಳೂರು ರೈಲು ಹಿಡಿಯಬೇಕಾದವರಿಗೆ ಮಾತ್ರ ಅದೇ ಹೊತ್ತಿಗೆ ಹೊಟ್ಟೆ ತೊಳಸಿದ ಹಾಗೆ ಆಗುತ್ತದೆ. ನಾನು ಎಷ್ಟೋ ವರ್ಷ ಅದನ್ನು ಗ್ಯಾಸ್ಟ್ರಿಕ್ ಅಂದುಕೊಂಡಿದ್ದೆ. ಅದು ಸೋಮವಾರದ ಆಫೀಸಿನ ದಿಗಿಲು.

ಇದಕ್ಕೆ ಶುಕ್ರವಾರವೇ ಕೈ ಹಾಕಬೇಕು. (ಶನಿವಾರವೂ ಕೆಲಸ ಇರುವವರು ಶನಿವಾರ ಮಾಡಿ.) ಸೀಟಿನಿಂದ ಏಳುವ ಮುಂಚೆ ಒಂದು ಚೀಟಿ ಬರೆಯಿರಿ. ಏನು ಅರ್ಧಕ್ಕೆ ನಿಂತಿದೆ, ಸೋಮವಾರ ಮೊದಲು ಏನು ಮಾಡಬೇಕು, ಅಷ್ಟೇ ಸಾಕು. ‘ರಿಪೋರ್ಟ್ ಮುಗಿಸಬೇಕು’ ಅಂತ ಬರೆದರೆ ಪ್ರಯೋಜನವಿಲ್ಲ, ಅದು ಇನ್ನೂ ಹೆದರಿಸುತ್ತದೆ. ‘ಮೂರನೇ ಪುಟದ ಲೆಕ್ಕ ತಾಳೆ ನೋಡಬೇಕು’ ಅಂತ ಬರೆಯಿರಿ. ಮುಗಿದ ಕೆಲಸಕ್ಕಿಂತ ಅರ್ಧಕ್ಕೆ ಬಿಟ್ಟ ಕೆಲಸವೇ ಜಾಸ್ತಿ ನೆನಪಿರುತ್ತದೆ ಎಂದು ಮನೋವಿಜ್ಞಾನಿ ಬ್ಲೂಮಾ ಝೈಗಾರ್ನಿಕ್ 1927ರಲ್ಲೇ ಬರೆದಿದ್ದರು. ಆ ನೆನಪಿನ ಕೆಲಸವನ್ನು ಚೀಟಿಗೆ ವಹಿಸಿಬಿಡಿ.

ಇನ್ನು ಭಾನುವಾರದ ಬಾಡೂಟ. ಮಂಡ್ಯ ಕಡೆಯವರಿಗೆ ಅದನ್ನು ಬಿಡಿ ಅನ್ನುವ ಧೈರ್ಯ ನನಗಿಲ್ಲ. ಬಿಡಬೇಕಾದ್ದು ಊಟದ ಮೇಲಿನ ನಿದ್ದೆ. ಬೆಳಗ್ಗೆ 9ಕ್ಕೆ ಎದ್ದು, ಮುದ್ದೆ ಉಂಡು 2ಕ್ಕೆ ಮತ್ತೆ ಮಲಗಿ, 5ಕ್ಕೆ ಎದ್ದರೆ ರಾತ್ರಿ ನಿದ್ದೆ ಎಲ್ಲಿಂದ ಬರಬೇಕು? ನಿದ್ದೆ ಬರದ ಕತ್ತಲಲ್ಲಿ ಬಾಸ್ ಮುಖ ಇನ್ನೂ ದೊಡ್ಡದಾಗಿ ಕಾಣುತ್ತದೆ. ಬೇಕಾದರೆ ಅಲಾರಂ ಇಟ್ಟು ಅರ್ಧ ಗಂಟೆ ಕಣ್ಣು ಮುಚ್ಚಿ. ಕಾಫಿ 4ರ ಒಳಗೇ ಆಗಲಿ. ಐದಾರು ಗಂಟೆ ಕಳೆದರೂ ಅದರ ಕೆಫೀನ್ ಸುಮಾರು ಅರ್ಧದಷ್ಟು ಮೈಯಲ್ಲೇ ಇರುತ್ತದೆ.

ಸಂಜೆ ಫೋನು ಮನೆಯಲ್ಲಿಟ್ಟು ಕುಕ್ಕರಹಳ್ಳಿ ಕೆರೆ ಕಡೆ ಹೋಗಿ ಬನ್ನಿ. ಆಫೀಸಿನ ವಾಟ್ಸಾಪ್ ಗ್ರೂಪನ್ನು ‘ಸುಮ್ನೆ ಒಂದ್ಸಲ’ ನೋಡುವವರ ಭಾನುವಾರ ಅಲ್ಲಿಗೆ ಮುಗಿಯಿತು.

ಮಲಗಿದಾಗ ಎದೆ ಹೊಡೆದುಕೊಂಡರೆ ನಾಲ್ಕು ಎಣಿಸುವಷ್ಟು ಹೊತ್ತು ಉಸಿರು ಎಳೆದುಕೊಳ್ಳಿ, ಆರು ಎಣಿಸುವಷ್ಟು ಹೊತ್ತು ಬಿಡಿ. ಉಸಿರು ಬಿಡುವಾಗ ಎದೆಬಡಿತ ನಿಧಾನವಾಗುತ್ತದೆ. ಐದು ನಿಮಿಷ ಮಾಡಿ ನೋಡಿ.

ಆದರೆ ಆಫೀಸಿನಲ್ಲಿ ಯಾರೋ ದಿನಾ ಅವಮಾನ ಮಾಡುತ್ತಿದ್ದರೆ ಅದು ಉಸಿರಾಟದಿಂದ ಸರಿಹೋಗುವ ವಿಷಯ ಅಲ್ಲ, ಅಲ್ವಾ? ಅದನ್ನು ಮನೆಯವರ ಹತ್ತಿರ ಹೇಳಿಕೊಳ್ಳಿ. ವಾರಗಟ್ಟಲೆ ಊಟ, ನಿದ್ದೆ ಸೇರದಿದ್ದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ 14416ಕ್ಕೆ ಫೋನ್ ಮಾಡಿ. ದುಡ್ಡು ಕೊಡಬೇಕಿಲ್ಲ, ಯಾವ ಹೊತ್ತಿನಲ್ಲಾದರೂ ಕನ್ನಡದಲ್ಲೇ ಮಾತಾಡಬಹುದು.

ಸೋಮವಾರ ರೈಲು ಮಂಡ್ಯ ದಾಟಿದ ಮೇಲೆ ಚೀಟಿ ತೆಗೆಯಿರಿ. ಆಫೀಸಿನ ಮೊದಲ ಅರ್ಧ ಗಂಟೆ ಆ ಒಂದು ಕೆಲಸಕ್ಕೇ. ಮೇಲ್ ಆಮೇಲೆ. ಚೀಟಿ ಓದಿ ಮಡಚುವಷ್ಟರಲ್ಲಿ ಮದ್ದೂರು ಬಂದಿರುತ್ತದೆ, ವಡೆ ಬಿಸಿ ಇದ್ದರೆ ಬಿಡಬೇಡಿ.