ಅಡಿಕೆ ದುಡ್ಡಲ್ಲಿ ಕಲೆ ಮಾಡ್ಸೋದು ಹೇಗೆ? ಹಳೇ ಸಾಹುಕಾರ್ರ ಹತ್ರ ಕಲಿಯೋದು ಬೇಕಾದಷ್ಟಿದೆ

ಅಡಿಕೆಗೆ ರೇಟ್ ಬಂದ ವರ್ಷ ನಮ್ ಕಡೆ ದುಡ್ಡು ಎಲ್ಲಿಗೆ ಹೋಗುತ್ತೆ ಅಂತ ಎಲ್ರಿಗೂ ಗೊತ್ತು, ಹೊಸ ಕಾರು, ಶಿವಮೊಗ್ಗದಲ್ಲೊಂದು ಸೈಟು, ಹಾಲ್‌ಗೆ ಗ್ರಾನೈಟು. ಅದ್ರಲ್ಲಿ ಒಂಚೂರು ತೆಗ್ದು ಕಲೆಗೆ ಹಾಕೋಣ ಅನ್ನೋ ಮಂಡಿ ವ್ಯಾಪಾರಿಗಳೂ, ತೋಟದವ್ರೂ ಇದಾರೆ, ಅವ್ರಿಗೋಸ್ಕರ ಇದು. ಇದೇನು ಹೊಸ ಶೋಕಿ ಅಲ್ಲ ಮಾರಾಯ್ರೆ, ನಮ್ ಹುಂಚದಲ್ಲೇ 1062ರ ಹೊತ್ತಿಗೆ ಪಟ್ಟಣಸ್ವಾಮಿ, ಅಂದ್ರೆ ಪೇಟೆ ವರ್ತಕರ ಮುಖಂಡ, ನೊಕ್ಕಯ್ಯ ಸೆಟ್ಟಿ ಬಸದಿ ಕಟ್ಸಿದಾನೆ, ಜೊತೆಗೆ ಕೆರೆಗಳನ್ನೂ ಕಟ್ಸಿದಾನೆ.

ಮೊದ್ಲು ಯಾಕೆ ಮಾಡ್ಸೋದು ಅಂತ ಮನಸಲ್ಲೇ ತೀರ್ಮಾನ ಮಾಡ್ಕೊಳ್ಳಿ. ಹೆಸ್ರಿಗೆ ಅಂದ್ರೂ ನಾಚ್ಕೆ ಪಡ್ಬೇಕಿಲ್ಲ. ಇಟಲಿಯ ಪಾದುವಾದಲ್ಲಿ ಎನ್ರಿಕೊ ಸ್ಕ್ರೊವೆಗ್ನಿ ಅಂತ ಲೇವಾದೇವಿ ಮನೆತನದವ್ನಿದ್ದ, ಅವ್ನಪ್ಪ ಬಡ್ಡಿ ವಿಷ್ಯದಲ್ಲಿ ಎಷ್ಟು ಕೆಟ್ಟ ಹೆಸ್ರು ಮಾಡಿದ್ದ ಅಂದ್ರೆ ಕವಿ ಡಾಂಟೆ ಅವ್ನನ್ನ ನರಕದಲ್ಲೇ ಕೂರ್ಸಿಬಿಟ್ಟ. ಮಗ 1305ರ ಸುಮಾರಿಗೆ ಒಂದು ಚಾಪೆಲ್ (ಸಣ್ಣ ಚರ್ಚು) ಕಟ್ಸಿ ದೊಡ್ಡ ಚಿತ್ರಕಾರ ಜೊತ್ತೊ ಕೈಲಿ ಒಳಗೆಲ್ಲ ಚಿತ್ರ ಬರೆಸ್ದ, ಅದ್ರಲ್ಲಿ ಆ ಚಾಪೆಲ್‌ನ ತಾನೇ ಮೇರಿಗೆ ಒಪ್ಪಿಸ್ತಿರೋ ಹಾಗೆ ತನ್ ಚಿತ್ರಾನೂ ಹಾಕ್ಸಿದಾನೆ! ಪಾಪ ಪರಿಹಾರವೋ ಪ್ರಚಾರವೋ, ನಮಗಂತೂ ಜೊತ್ತೊ ಸಿಕ್ಕಿದ. ಆದ್ರೆ ನಾಳೆ ಡಬಲ್ ರೇಟಿಗೆ ಮಾರ್ತೀನಿ ಅನ್ನೋ ಲೆಕ್ಕ ಇದ್ರೆ ಬೇಡ, ಆ ದುಡ್ಡನ್ನ ಎಫ್‌ಡಿ ಇಡಿ.

ಆಮೇಲೆ ಕಣ್ಣು ಪಳಗಿಸ್ಕೊಳ್ಳಿ. ಅಡಿಕೇಲಿ ಮೇಲ್ದರ್ಜೆ ಸರಕಿಗೂ ಕೆಳದರ್ಜೆ ಗೊರಬಲಿಗೂ ವ್ಯತ್ಯಾಸ ನೀವು ಪುಸ್ತಕ ಓದಿ ಕಲ್ತಿದ್ದಾ? ಸಾವಿರ ಮೂಟೆ ನೋಡಿ ಕಲ್ತಿದ್ದು, ಇದೂ ಹಂಗೇ. ಶಿವಪ್ಪನಾಯಕನ ಅರಮನೆ ಮ್ಯೂಸಿಯಂ, ಕೆಳದಿ ಮ್ಯೂಸಿಯಂ, ಇಕ್ಕೇರಿ, ಬಳ್ಳಿಗಾವಿ ಎಲ್ಲ ನಿಧಾನಕ್ಕೆ ಸುತ್ತಿ. ಬೇಲೂರಲ್ಲಿ ಕೆಲ್ಸ ಮಾಡಿದ ದಾಸೋಜ, ಅವ್ನ ಮಗ ಚಾವಣ ಇದೇ ಬಳ್ಳಿಗಾವಿಯವ್ರು, ಮೂರ್ತಿ ಕೆಳಗೆ ಹೆಸ್ರು ಕೆತ್ತಿರೋದ್ರಿಂದ್ಲೇ ಇವತ್ತು ಅವ್ರು ಯಾರು ಅಂತ ನಮಗೆ ಗೊತ್ತು. ನೀವೂ ಮಾಡ್ದೋರ ಹೆಸ್ರು, ಊರು, ಇಸವಿ ಹಿಂದ್ಗಡೆ ಬರೆಸ್ಲೇಬೇಕು. ನಿಮ್ ಹೆಸ್ರು ಸಣ್ಣಕ್ಕಿರ್ಲಿ.

ಶುರು ಮಾಡೋಕೆ ದೂರ ಹೋಗ್ಬೇಡಿ. ಸಾಗರದ ಸುತ್ತ ದೀವರ ಹೆಣ್ಮಕ್ಕಳು ಗೋಡೆ ಮೇಲೆ ಬರೆಯೋ ಹಸೆ ಚಿತ್ತಾರ ಇದೆ, ಸಾಗರ ಸೊರಬದ ಗುಡಿಗಾರರ ಮರದ ಕೆತ್ನೆ ಇದೆ. ನೇರ ಅವ್ರ ಮನೆಗೇ ಹೋಗಿ ಮಾತಾಡಿ, ಗಂಧದ್ದು ಮಾಡ್ಸಿದ್ರೆ ಮರ ಎಲ್ಲಿಂದ ಬಂತು ಅನ್ನೋ ಬಿಲ್ ಇಸ್ಕೊಳ್ದೆ ಮುಟ್ಬೇಡಿ, ಶಿವನೆ ಮರದ್ದಾದ್ರೆ ಅಷ್ಟು ತಲೆನೋವಿಲ್ಲ.

ಈಗ ಮುಖ್ಯ ವಿಷ್ಯ, ಕರಾರು. ಮಂಡೀಲಿ ಚೀಟಿ ಇಲ್ದೆ ಒಂದು ಮೂಟೆ ಅಲ್ಲಾಡಲ್ಲ, ಕಲಾವಿದ್ರ ಹತ್ರ ಮಾತ್ರ "ಚೆನ್ನಾಗಿ ಮಾಡ್ಕೊಡಿ, ಆಮೇಲೆ ನೋಡೋಣ" ಅಂತೀವಿ, ಜಗಳ ಹುಟ್ಟೋದೇ ಅಲ್ಲಿ. ಫ್ಲಾರೆನ್ಸಲ್ಲಿ ರೇಷ್ಮೆ ವ್ಯಾಪಾರಿಗಳ ಸಂಘ ನೋಡ್ಕೊಳ್ತಿದ್ದ ಅನಾಥಾಲಯ ಒಂದಿತ್ತು, ಅದಕ್ಕೊಂದು ಚಿತ್ರ ಬರೆಸೋಕೆ 1485ರಲ್ಲಿ ಗಿರ್ಲಾಂಡಯೊ ಅನ್ನೋ ಚಿತ್ರಕಾರನ ಜೊತೆ ಆದ ಕರಾರು ನೋಡಿ: ಒಟ್ಟು 115 ಫ್ಲಾರಿನ್ (ಅಲ್ಲಿನ ಚಿನ್ನದ ನಾಣ್ಯ), ತಿಂಗ್ಳಿಗೆ 3ರಂತೆ ಕಂತು, 30 ತಿಂಗ್ಳಲ್ಲಿ ಮುಗೀಬೇಕು, ಪೂರ್ತಿ ಅವ್ನೇ ಬಿಡಿಸ್ಬೇಕು, ನೀಲಿ ಬಣ್ಣ ಔನ್ಸಿಗೆ ಸುಮಾರು 4 ಫ್ಲಾರಿನ್ ಬೆಲೆದ್ದೇ ಆಗ್ಬೇಕು. ಹೀಗ್ ಬರೀಬೇಕು! ನೀವು ಚಿತ್ತಾರ ಬರೆಸೋದಾದ್ರೆ ಕೆಮ್ಮಣ್ಣು, ಅಕ್ಕಿ ಹಿಟ್ಟಿನ ಬಿಳಿ, ಸುಟ್ಟಕ್ಕಿ ಕಪ್ಪು, ಗುರಿಗೆ ಬೀಜದ ಹಳದಿ, ಪುಂಡಿನಾರಿನ ಕುಂಚ ಇದೆಲ್ಲ ಬೇಕಾ, ಇಲ್ಲ ಅಂಗಡಿ ಪೇಂಟ್ ಆದ್ರೂ ನಡೆಯುತ್ತಾ ಅಂತ ಮೊದ್ಲೇ ಬರ್ಕೊಳ್ಳಿ, ಯಾಕಂದ್ರೆ ಎರಡಕ್ಕೂ ಕೆಲ್ಸ ಬೇರೆ, ರೇಟೂ ಬೇರೆ. ಸೈಜು, ಯಾರು ಬರೀತಾರೆ, ಯಾವಾಗ ಮುಗಿಯುತ್ತೆ, ಅಡ್ವಾನ್ಸ್ ಎಷ್ಟು. ಚೌಕಾಸಿ ಶುರುವಿನಲ್ಲೇ ಮುಗಿಸಿ, ಕೆಲ್ಸ ಆದ್ಮೇಲೆ ಕಡಿಮೆ ಮಾಡ್ಕೊಳ್ಳಿ ಅನ್ನೋದು ಶುದ್ಧ ಕಂಜೂಸ್‌ತನ.

ಹಳೇ ವಸ್ತು ಕೊಳ್ಳೋ ಆಸೆ ಇದ್ರೆ ಸ್ವಲ್ಪ ತಡೀರಿ. 1972ರ ಪ್ರಾಚ್ಯವಸ್ತು ಕಾನೂನಿನ ಪ್ರಕಾರ 100 ವರ್ಷ ದಾಟಿದ ಶಿಲ್ಪ, ಚಿತ್ರ ಎಲ್ಲ ಪ್ರಾಚ್ಯವಸ್ತು, ಹಸ್ತಪ್ರತಿಗಾದ್ರೆ 75 ವರ್ಷ. ವಿಗ್ರಹ ಯಾರಾದ್ರೂ ಗೋಣಿಚೀಲದಲ್ಲಿ ಸುತ್ಕೊಂಡು ತಂದ್ರೆ ಬಾಗ್ಲಲ್ಲೇ ವಾಪಸ್ ಕಳ್ಸಿ, ಅದು ಯಾವ್ದೋ ಊರಿನ ದೇವಸ್ಥಾನದ್ದಿರುತ್ತೆ.

ಮಳೆಗಾಲ ಮರೀಬೇಡಿ, ಕಾಗದದ ಚಿತ್ರಕ್ಕೆ ಒಂದೇ ಆಷಾಢದಲ್ಲಿ ಬೂಷ್ಟು ಹಿಡಿಯುತ್ತೆ. ಇರಚಲು ಹೊಡೆಯೋ ಹೊರಗೋಡೆಗೆ ನೇತಾಕ್ಬೇಡಿ, ಗಾಜಿಗೂ ಚಿತ್ರಕ್ಕೂ ಮಧ್ಯ ಗ್ಯಾಪ್ ಬಿಟ್ಟು ಫ್ರೇಮ್ ಹಾಕ್ಸಿ, ಹಿಂದ್ಗಡೆ ಗಾಳಿ ಆಡೋ ಹಾಗೆ ಸಣ್ಣ ಕಾರ್ಕ್ ಚೂರು ಅಂಟ್ಸಿ. ಬಚ್ಚಲೊಲೆ ಹೊಗೆ ಬರೋ ಕಡೆಯಂತೂ ಬೇಡ್ವೇ ಬೇಡ.

ಮನೇಲಿ ಜಾಗ ಇಲ್ಲ ಅನ್ನೋರು ಯಕ್ಷಗಾನದ ಒಂದು ಹರಕೆ ಆಟ ಆಡ್ಸಿ, ಊರಿಗೆ ಊರೇ ರಾತ್ರಿ ಪೂರ್ತಿ ಕೂತು ನೋಡುತ್ತೆ. ಮಂದಾರ್ತಿ ಮೇಳದ್ದೇ ಬೇಕು ಅಂದ್ರೆ ಮಾತ್ರ ವರ್ಷಗಟ್ಲೆ ಕಾಯ್ಬೇಕು, ಹಾಗಾಗಿ ಹೆಸ್ರು ಈಗ್ಲೇ ಬರೆಸಿಟ್ಬಿಡಿ.