8 ನಿಮಿಷದ ಅಡುಗೆಗೆ 40 ನಿಮಿಷ: ಆ್ಯಪ್ ಮತ್ತು ಸ್ಮಾರ್ಟ್ ಕುಕ್ಕರ್ ಜೊತೆ ನನ್ನ ಅನುಭವ

ಆ್ಯಪ್ ಪರದೆಯ ಮೇಲೆ 8 ನಿಮಿಷ ಎಂದು ಬರೆದಿತ್ತು. ಅದನ್ನು ನಂಬಿ 7.40ಕ್ಕೆ ಕುಕ್ಕರ್ ಆನ್ ಮಾಡಿದೆ. ಮುಚ್ಚಳ ತೆಗೆಯಲು ಆಗಿದ್ದು 8.20ಕ್ಕೆ. ಅಷ್ಟರಲ್ಲಿ ಮಗಳು ಎರಡು ಬಾಳೆಹಣ್ಣು, ಅರ್ಧ ಪ್ಯಾಕೆಟ್ ಬಿಸ್ಕತ್ತು ಮುಗಿಸಿ, "ಅಪ್ಪಾ, ನಂಗೆ ಊಟ ಬೇಡ" ಎಂದು ಎದ್ದು ಹೋಗಿದ್ದಳು. ವೈಫೈ ಇರುವ ಮಲ್ಟಿಕುಕ್ಕರ್ ಮನೆಗೆ ಬಂದು ಆಗಿನ್ನೂ ಮೂರೇ ದಿನ.

ನಮ್ಮ ಮನೆಯಲ್ಲಿ ರಾತ್ರಿ ಅಡುಗೆ ನನ್ನದು. ಕೆಲಸದಿಂದ ಬಂದು, ಬಟ್ಟೆ ಬದಲಿಸಿ, ನೇರ ಅಡುಗೆಮನೆಗೆ. ಈಗ ಎರಡು ವರ್ಷದಿಂದ ಒಂದು ಅಡುಗೆ ಆ್ಯಪ್, ಆ ಮಲ್ಟಿಕುಕ್ಕರ್, ಒಂದು ಸ್ಮಾರ್ಟ್ ಓವನ್, ವೈರ್ ಇಲ್ಲದ ಥರ್ಮಾಮೀಟರ್ ಇಟ್ಟುಕೊಂಡು ಅಡುಗೆ ಮಾಡುತ್ತಿದ್ದೇನೆ. ಸಮಯ ಉಳಿಯುತ್ತದಾ ಎಂದು ಕೇಳಿದರೆ, ಉಳಿಯುತ್ತದೆ. ಆದರೆ ನಾನು ಉಳಿಯುತ್ತದೆ ಅಂದುಕೊಂಡಿದ್ದ ಜಾಗದಲ್ಲಿ ಉಳಿಯಲಿಲ್ಲ.

ಆ ರಾತ್ರಿಯ ಮರುದಿನ ಫ್ರಿಜ್ ಬಾಗಿಲಿಗೆ ಒಂದು ಹಾಳೆ ಅಂಟಿಸಿದೆ. ನಾಲ್ಕು ಕಾಲಂ: ಏನು ಮಾಡೋದು ಅಂತ ಯೋಚಿಸಿದ್ದು, ತರಕಾರಿ ಹೆಚ್ಚಿದ್ದು, ಒಲೆ ಮುಂದೆ ನಿಂತಿದ್ದು, ತೊಳೆದಿದ್ದು. ಎರಡು ವಾರ ಗಡಿಯಾರ ನೋಡಿ ಬರೆದೆ. ಒಂದು ರಾತ್ರಿಗೆ ಹೆಚ್ಚು ಕಡಿಮೆ 75 ನಿಮಿಷ ಹಿಡಿಯುತ್ತಿತ್ತು. ಅದರಲ್ಲಿ 30 ನಿಮಿಷ ನಾನು ಸುಮ್ನೆ ನಿಂತಿದ್ದೆ. ಉಕ್ಕುತ್ತದಾ, ತಳ ಹಿಡಿಯುತ್ತದಾ, ಬೆಂತಾ ಎಂದು ನೋಡುತ್ತಾ. ಇನ್ನೊಂದು 15 ನಿಮಿಷ ಫ್ರಿಜ್ ಬಾಗಿಲು ತೆಗೆದು ಮುಚ್ಚಿ, ಫೋನಿನಲ್ಲಿ ರೆಸಿಪಿ ಹುಡುಕುತ್ತಾ ಹೋಗಿತ್ತು. ಅಡುಗೆ ಬೇಯುವ ಸಮಯವನ್ನು ಯಾವ ಆ್ಯಪ್ಪೂ ಕಡಿಮೆ ಮಾಡುವುದಿಲ್ಲ. ನನ್ನ ಹತ್ತಿರ ಸ್ಮಾರ್ಟ್‌ಫೋನ್ ಇದೆ ಅಂತ ಆಲೂಗಡ್ಡೆಗೆ ಗೊತ್ತಿಲ್ಲ. ಕಡಿಮೆ ಮಾಡಬಹುದಾದದ್ದು ನಾನು ನಿಲ್ಲುವ ಹೊತ್ತು, ನಾನು ಯೋಚಿಸುವ ಹೊತ್ತು. ಈ ಎರಡು ಕಾಲಂಗಳನ್ನೇ ಹಿಡಿದುಕೊಂಡು ಮುಂದಿನದೆಲ್ಲ ಮಾಡಿದೆ.

ಮೊದಲು ಆ 8 ನಿಮಿಷದ ಲೆಕ್ಕ ಬಿಡಿಸೋಣ. ನಮ್ಮ ಮಲ್ಟಿಕುಕ್ಕರ್‌ನಂಥ ಎಲೆಕ್ಟ್ರಿಕ್ ಪ್ರೆಷರ್ ಕುಕ್ಕರ್‌ನಲ್ಲಿ ಟೈಮರ್ ಓಡಲು ಶುರುವಾಗುವುದು ಒಳಗೆ ಒತ್ತಡ ತುಂಬಿದ ಮೇಲೆ. ತಣ್ಣೀರು ಹಾಕಿ, ಪಾತ್ರೆ ಅರ್ಧ ತುಂಬಿದ್ದರೆ ಒತ್ತಡ ಏರಲಿಕ್ಕೇ 10ರಿಂದ 15 ನಿಮಿಷ ಬೇಕು. ಆಮೇಲೆ ಆ 8 ನಿಮಿಷ. ಆಮೇಲೆ ಒತ್ತಡ ತಾನಾಗಿ ಇಳಿಯಲು ಮತ್ತೆ 10ರಿಂದ 20 ನಿಮಿಷ. ಬೇಯುವ ತನಕ ತಾಳಿದವನು ಆರುವ ತನಕ ತಾಳಲಿಲ್ಲ ಎಂಬ ಗಾದೆ ನನಗೇ ಮಾಡಿದ ಹಾಗಿದೆ. ಎರಡನೇ ದಿನ ತಾಳದೆ ವಾಲ್ವ್ ಎತ್ತಿದೆ. ಹಬೆಯ ಜೊತೆ ಬೇಳೆ ನೊರೆಯೂ ಚಿಮ್ಮಿ ಗೋಡೆಗೆ ಬಡಿಯಿತು. ನೊರೆ ಬರುವ ಬೇಳೆ, ಗಂಜಿ, ಸೂಪುಗಳಿಗೆ ವಾಲ್ವ್ ಮುಟ್ಟಬಾರದು, ತಾನಾಗಿ ಇಳಿಯಲು ಬಿಡಬೇಕು. ತರಕಾರಿಗಾದರೆ ತಕ್ಷಣ ವಾಲ್ವ್ ಎತ್ತಿ ಹಬೆ ಬಿಡಲೇಬೇಕು, ಇಲ್ಲದಿದ್ದರೆ ಮುದ್ದೆಯಾಗುತ್ತದೆ.

ಹಾಗಾಗಿ ಈಗ ನಾನು ಆ್ಯಪ್ ಹೇಳುವ ನಿಮಿಷವನ್ನು ನೋಡುವುದೇ ಇಲ್ಲ. ಪ್ರತಿ ರೆಸಿಪಿಯ ಕೆಳಗೆ ಟಿಪ್ಪಣಿ ಬರೆಯಲು ಜಾಗ ಇರುತ್ತದಲ್ಲ, ಅಲ್ಲಿ 'ಆನ್ ಮಾಡಿದ್ದರಿಂದ ಮುಚ್ಚಳ ತೆಗೆಯುವ ತನಕ' ಎಷ್ಟು ಹೊತ್ತು ಎಂದು ನನ್ನದೇ ಲೆಕ್ಕ ಬರೆದಿಟ್ಟಿದ್ದೇನೆ. ಕೆಟಲ್‌ನಲ್ಲಿ ಕುದಿಸಿದ ನೀರು ಹಾಕಿದರೆ ಒತ್ತಡ ಬೇಗ ಏರುತ್ತದೆ. ತರಕಾರಿ ಹೆಚ್ಚುವಾಗ ಕೆಟಲ್ ಆನ್ ಮಾಡಿಬಿಟ್ಟರೆ ಅದಕ್ಕೆಂದು ಬೇರೆ ಹೊತ್ತು ಬೇಕಿಲ್ಲ. ನನ್ನ ಎರಡು ವರ್ಷದ ಉಪಾಯಗಳಲ್ಲಿ ಅತಿ ಸಾದಾ ಇದು, ಅತಿ ಹೆಚ್ಚು ನಿಮಿಷ ಉಳಿಸಿದ್ದೂ ಇದೇ.

ಕಾಳು ಬೇಯದೆ ಗಟ್ಟಿ ಉಳಿಯುವ ಕಥೆ ಬೇರೆ. ಒಲೆಯ ಮೇಲಿಡುವ ಪ್ರೆಷರ್ ಕುಕ್ಕರ್ ಒತ್ತಡ ಸುಮಾರು 15 ಪಿಎಸ್‌ಐ (ಒತ್ತಡ ಅಳೆಯುವ ಮಾನ), ಒಳಗಿನ ಬಿಸಿ ಸುಮಾರು 121 ಡಿಗ್ರಿ ಸೆಲ್ಸಿಯಸ್. ಎಲೆಕ್ಟ್ರಿಕ್ ಮಲ್ಟಿಕುಕ್ಕರ್‌ಗಳಲ್ಲಿ ಹೆಚ್ಚಿನವು 10ರಿಂದ 12 ಪಿಎಸ್‌ಐ ಆಸುಪಾಸಿನಲ್ಲೇ ನಿಲ್ಲುತ್ತವೆ, ಬಿಸಿಯೂ ಕೆಲವು ಡಿಗ್ರಿ ಕಡಿಮೆ. ಒಲೆಯ ಕುಕ್ಕರ್‌ಗೆ ಬರೆದ ರೆಸಿಪಿಯನ್ನು ಇದರಲ್ಲಿ ಹಾಗೇ ಮಾಡಿದರೆ ಬೇಯುವುದಿಲ್ಲ. ಅಮ್ಮ ಒಂದು ಕಾಳನ್ನು ಬೆರಳಲ್ಲಿ ಒತ್ತಿ ನೋಡಿ, "ಅಡುಗೆ ನೀನು ಮಾಡ್ತಿದ್ದೀಯೋ, ನಿನ್ನ ಫೋನು ಮಾಡ್ತಿದೆಯೋ?" ಎಂದು ಕೇಳಿದ್ದು ಆಗಲೇ. ಈಗ ನಾಲ್ಕೈದು ನಿಮಿಷ ಸೇರಿಸುತ್ತೇನೆ. ಎತ್ತರದ ಪ್ರದೇಶದಲ್ಲಿ ಇರುವವರು ಇನ್ನೂ ಸೇರಿಸಬೇಕಾಗುತ್ತದೆ, ಮೇಲೆ ಹೋದಷ್ಟೂ ನೀರು ಕಡಿಮೆ ಬಿಸಿಗೇ ಕುದಿಯುತ್ತದೆ.

ಇನ್ನು ಆ 15 ನಿಮಿಷದ ಯೋಚನೆ. ನಾನು ಶುರುವಿನಲ್ಲಿ ಐದು ಆ್ಯಪ್ ಹಾಕಿಕೊಂಡೆ. ಒಂದೊಂದರಲ್ಲೂ ಸಾವಿರಾರು ರೆಸಿಪಿ. ಆಯ್ಕೆ ಜಾಸ್ತಿ ಆದಷ್ಟೂ ಯೋಚಿಸುವ ಹೊತ್ತೂ ಜಾಸ್ತಿ ಆಯಿತು! ಒಂದು ದಿನ ಎಲ್ಲ ತೆಗೆದುಹಾಕಿ ಒಂದೇ ಇಟ್ಟುಕೊಂಡೆ. ಅದರಲ್ಲೂ 14 ಅಡುಗೆ ಮಾತ್ರ ಉಳಿಸಿದೆ, ಮನೆಯಲ್ಲಿ ಎಲ್ಲರೂ ತಿನ್ನುವಂಥವು. ಭಾನುವಾರ ಸಂಜೆ ಅವುಗಳಲ್ಲಿ ಐದನ್ನು ವಾರದ ಕ್ಯಾಲೆಂಡರ್‌ಗೆ ಎಳೆದು ಹಾಕುತ್ತೇನೆ. ಸಾಮಾನಿನ ಪಟ್ಟಿಯನ್ನು ಆ್ಯಪ್ ತಾನೇ ಮಾಡಿಕೊಡುತ್ತದೆ, ಮೂರು ಅಡುಗೆಗೆ ಬೇಕಾದ ಈರುಳ್ಳಿಯನ್ನು ಕೂಡಿಸಿ ಒಂದೇ ಸಾಲಿನಲ್ಲಿ ತೋರಿಸುತ್ತದೆ. ನಿಜ ಹೇಳಬೇಕೆಂದರೆ ಸ್ಮಾರ್ಟ್ ಸಾಧನ ಒಂದೂ ಇಲ್ಲದಿದ್ದರೂ ಈ ಭಾಗದಿಂದ ಸಿಗುವ ಉಳಿತಾಯ ಅಷ್ಟೇ ಸಿಗುತ್ತದೆ. ಏನೂ ಕೊಳ್ಳುವ ಮೊದಲು ಇದನ್ನೊಂದು ತಿಂಗಳು ಮಾಡಿ ನೋಡಿ.

ಆ್ಯಪ್‌ನ ಒಂದು ಗುಂಡಿಯ ಬಗ್ಗೆ ಮಾತ್ರ ಎಚ್ಚರ. ನಾಲ್ಕು ಜನರ ಅಡುಗೆಯನ್ನು ಎಂಟು ಜನರಿಗೆ ಬದಲಿಸುವ ಗುಂಡಿ. ಅದು ಎಲ್ಲವನ್ನೂ ಕಣ್ಣು ಮುಚ್ಚಿ ಎರಡರಿಂದ ಗುಣಿಸುತ್ತದೆ. ಮುಚ್ಚಿದ ಕುಕ್ಕರ್‌ನಲ್ಲಿ ಹಬೆಯಾಗಿ ಹೋಗುವ ನೀರು ಹೆಚ್ಚು ಕಡಿಮೆ ಅಷ್ಟೇ ಇರುತ್ತದೆ, ಅಡುಗೆ ದುಪ್ಪಟ್ಟಾದ ಮಾತ್ರಕ್ಕೆ ಅದು ದುಪ್ಪಟ್ಟಾಗುವುದಿಲ್ಲ. ನೆಂಟರು ಬಂದ ದಿನ ನಾನು ಮಾಡಿದ ಸಾರು ನೀರು ನೀರಾಗಿದ್ದು ಹೀಗೆ. ಒತ್ತಡದಲ್ಲಿ ಬೇಯುವ ಸಮಯವನ್ನೂ ದುಪ್ಪಟ್ಟು ಮಾಡಬೇಕಿಲ್ಲ. ಒತ್ತಡ ಏರುವ ಹೊತ್ತು ಮಾತ್ರ ಉದ್ದವಾಗುತ್ತದೆ. ಪಾತ್ರೆಯ ಮೂರರಲ್ಲಿ ಎರಡು ಭಾಗಕ್ಕಿಂತ ಮೇಲೆ ತುಂಬಬಾರದು, ಉಬ್ಬುವ ಅಕ್ಕಿ, ಕಾಳುಗಳಾದರೆ ಅರ್ಧಕ್ಕೇ ನಿಲ್ಲಿಸಬೇಕು. ಇದನ್ನು ಗುಂಡಿ ನೆನಪಿಸುವುದಿಲ್ಲ.

ವೈಫೈ ಕಿರಿಕಿರಿಯನ್ನು ಬೇಗ ಮುಗಿಸುತ್ತೇನೆ. ನಮ್ಮ ರೂಟರ್ 2.4 ಮತ್ತು 5 ಗಿಗಾಹರ್ಟ್ಸ್ ಎಂಬ ಎರಡು ಬಗೆಯ ಸಿಗ್ನಲ್ ಕೊಡುತ್ತದೆ. ಅಡುಗೆಮನೆಯ ಸಾಧನಗಳಲ್ಲಿ ಹೆಚ್ಚಿನವು 2.4 ಗಿಗಾಹರ್ಟ್ಸ್ ವೈಫೈಗೆ ಮಾತ್ರ ಸೇರಿಕೊಳ್ಳುತ್ತವೆ. ನನ್ನ ಫೋನ್ 5 ಗಿಗಾಹರ್ಟ್ಸ್‌ನಲ್ಲಿತ್ತು, ರೂಟರ್ ಎರಡಕ್ಕೂ ಒಂದೇ ಹೆಸರು ಕೊಟ್ಟಿತ್ತು. ಒಂದು ಇಡೀ ಸಂಜೆ ಹಾಳಾಯಿತು. ರೂಟರ್‌ನಲ್ಲಿ 2.4ಕ್ಕೆ ಬೇರೆ ಹೆಸರು ಕೊಟ್ಟೆ, ಎರಡು ನಿಮಿಷದಲ್ಲಿ ಸೇರಿಕೊಂಡಿತು.

ಓವನ್ ವಿಷಯದಲ್ಲಿ ನನಗಿದ್ದ ಕನಸು ಎಲ್ಲರದ್ದೇ: ದಾರಿಯಲ್ಲೇ ಫೋನ್ ಒತ್ತಿದರೆ ಮನೆ ಸೇರುವಷ್ಟರಲ್ಲಿ ಓವನ್ ಬಿಸಿಯಾಗಿರಬೇಕು. ಅದು ಅಷ್ಟು ಸುಲಭ ಇಲ್ಲ. ನನ್ನದರಲ್ಲಿ, ಇನ್ನೂ ಹಲವು ಓವನ್‌ಗಳಲ್ಲೂ, ದೂರದಿಂದ ಶುರು ಮಾಡಬೇಕಾದರೆ ಮೊದಲು ಓವನ್ ಮೇಲೇ ಆ ಸೌಲಭ್ಯವನ್ನು ಆನ್ ಮಾಡಿ ಹೋಗಬೇಕು. ಆಮೇಲೆ ಯಾರಾದರೂ ಬಾಗಿಲು ತೆಗೆದರೆ ಅದು ರದ್ದು. ಒಳಗೆ ಪ್ಲಾಸ್ಟಿಕ್ ಡಬ್ಬಿ ಇಟ್ಟಿದ್ದಾರೋ ಏನೋ, ಯಂತ್ರಕ್ಕೆ ಹೇಗೆ ಗೊತ್ತಾಗಬೇಕು? ನಿಯಮ ಸರಿಯಾಗೇ ಇದೆ. ನಾನು ಓವನ್ ಆ್ಯಪ್ ಬಳಸುವುದು ಈಗ ಎರಡಕ್ಕೆ ಮಾತ್ರ: ಬಿಸಿ ಆಯಿತು ಎಂದು ಫೋನಿಗೆ ಸುದ್ದಿ ಬರಲು, ಮಾಳಿಗೆಯಲ್ಲಿ ಕೂತೇ ಆಫ್ ಮಾಡಲು. ಫ್ಯಾನ್ ಇರುವ ಓವನ್ ಆದರೆ, ರೆಸಿಪಿಯಲ್ಲಿ ಸಾದಾ ಓವನ್‌ಗೆ ಬರೆದ ಬಿಸಿಯಿಂದ 20 ಡಿಗ್ರಿ ಇಳಿಸಿಕೊಳ್ಳಿ. ಆ್ಯಪ್ ಕೆಲವೊಮ್ಮೆ ಇದನ್ನು ತಾನೇ ಮಾಡುತ್ತದೆ, ಕೆಲವೊಮ್ಮೆ ಇಲ್ಲ. ನಾನು ಒಮ್ಮೆ ಎರಡು ಸಲ ಇಳಿಸಿ ಅರೆಬೆಂದ ಬ್ರೆಡ್ ತಿನ್ನಿಸಿದ್ದೇನೆ.

ಇಡೀ ಗುಂಪಿನಲ್ಲಿ ಒಂದನ್ನೇ ಇಟ್ಟುಕೋ ಎಂದರೆ ನಾನು ಇಟ್ಟುಕೊಳ್ಳುವುದು ಥರ್ಮಾಮೀಟರ್. ಪೆನ್ಸಿಲ್‌ನಷ್ಟು ಉದ್ದದ ಕಡ್ಡಿ. ಕೋಳಿ ಮಾಂಸದ ದಪ್ಪ ಭಾಗಕ್ಕೆ, ಮೂಳೆಗೆ ತಾಗದ ಹಾಗೆ ಚುಚ್ಚಿ ಓವನ್‌ಗೆ ಹಾಕಿಬಿಟ್ಟರೆ ಒಳಗಿನ ಬಿಸಿಯನ್ನು ಫೋನಿಗೆ ಹೇಳುತ್ತಿರುತ್ತದೆ. ಕೋಳಿ 74 ಡಿಗ್ರಿ ಮುಟ್ಟಬೇಕು. ಮೊದಲೆಲ್ಲ 10 ನಿಮಿಷಕ್ಕೊಮ್ಮೆ ಬಾಗಿಲು ತೆಗೆದು, ಚಾಕುವಿನಲ್ಲಿ ಕುಯ್ದು, ರಸದ ಬಣ್ಣ ನೋಡುತ್ತಿದ್ದೆ. ಬಾಗಿಲು ತೆಗೆದಾಗಲೆಲ್ಲ ಬಿಸಿ ಹೊರಗೆ ಹೋಗಿ ಅಡುಗೆ ಇನ್ನೂ ತಡವಾಗುತ್ತಿತ್ತು. ಈಗ ಮಗಳ ಪಕ್ಕ ಕೂತು ಅವಳ ಲೆಕ್ಕ ನೋಡುತ್ತಿರುತ್ತೇನೆ, ಫೋನ್ ಕೂಗಿದಾಗ ಏಳುತ್ತೇನೆ. ದೊಡ್ಡ ತುಂಡುಗಳಲ್ಲಿ ಹೊರಗೆ ತೆಗೆದ ಮೇಲೂ ಒಳಗಿನ ಬಿಸಿ ಕೆಲವು ಡಿಗ್ರಿ ಏರುತ್ತದೆ. ಹಾಗಾಗಿ ಆ್ಯಪ್ 'ಈಗ ತೆಗೆಯಿರಿ' ಎಂದು ಸ್ವಲ್ಪ ಮೊದಲೇ ಹೇಳುತ್ತದೆ. ಅದು ತಪ್ಪು ಅಂತ ನಾನು ಶುರುವಿನಲ್ಲಿ ಜಗಳ ಆಡಿದ್ದೆ. ತಪ್ಪು ನನ್ನದೇ. ಆದರೂ ತಟ್ಟೆಗೆ ಹಾಕುವ ಮೊದಲು 74 ದಾಟಿದೆಯಾ ಎಂದು ಪರದೆ ನೋಡುವುದನ್ನು ಬಿಟ್ಟಿಲ್ಲ.

ಬೆಳಿಗ್ಗೆ ತುಂಬಿಟ್ಟು ಸಂಜೆ ತಾನೇ ಶುರುವಾಗುವ ಹಾಗೆ ಮಾಡುವುದು ಕೇಳಲು ಚೆನ್ನಾಗಿದೆ, ಅಲ್ವಾ? ನನ್ನ ಮಟ್ಟಿಗೆ ಇದು ಜೋಪಾನವಾಗಿ ಬಳಸಬೇಕಾದ ಸೌಲಭ್ಯ. ಆಹಾರದಲ್ಲಿ ಬ್ಯಾಕ್ಟೀರಿಯಾ ವೇಗವಾಗಿ ಬೆಳೆಯುವುದು 5ರಿಂದ 60 ಡಿಗ್ರಿ ನಡುವೆ. ಹಸಿ ಮಾಂಸ, ಮೀನು, ಹಾಲು ಸೇರಿದ ಪದಾರ್ಥವನ್ನು ಈ ಬಿಸಿಯಲ್ಲಿ ಎರಡು ಗಂಟೆಗಿಂತ ಜಾಸ್ತಿ ಇಡಬಾರದು. ಎಂಟು ಗಂಟೆ ಕುಕ್ಕರ್‌ನಲ್ಲಿ ಕಾಯುತ್ತಾ ಕೂತಿರುವ ಕೋಳಿಯನ್ನು ಯಾವ ಆ್ಯಪ್ಪೂ ಸರಿ ಮಾಡುವುದಿಲ್ಲ. ಒಣ ಕಾಳು ನೆನೆಯಲು ಹಾಕಿ ಹೋಗಲು ಮಾತ್ರ ನಾನಿದನ್ನು ಬಳಸುತ್ತೇನೆ, ಅದೂ ಸೆಖೆ ಇಲ್ಲದ ದಿನ. ರಾಜ್ಮಾ ಆದರೆ ಇನ್ನೊಂದು ಮಾತು. ಸರಿಯಾಗಿ ಬೇಯದ ರಾಜ್ಮಾದಲ್ಲಿ ಹೊಟ್ಟೆ ಕೆಡಿಸುವ ವಿಷದ ಅಂಶ ಇರುತ್ತದೆ. ನೆನೆಸಿದ ನೀರು ಚೆಲ್ಲಿ, ಹೊಸ ನೀರಿನಲ್ಲಿ ಕನಿಷ್ಠ 10 ನಿಮಿಷ ಜೋರಾಗಿ ಕುದಿಸಲೇಬೇಕು. ಮಲ್ಟಿಕುಕ್ಕರ್‌ನ ಸ್ಲೋ ಕುಕ್ ಬಟನ್ ಒತ್ತಿ ಹಸಿ ರಾಜ್ಮಾ ಬಿಟ್ಟರೆ ಅಷ್ಟು ಬಿಸಿ ಮುಟ್ಟದೇ ಇರಬಹುದು.

ಅನ್ನಕ್ಕೆ ನಾನು ಇವತ್ತಿಗೂ ಹಳೆಯ ಸಾದಾ ರೈಸ್ ಕುಕ್ಕರನ್ನೇ ಬಳಸುತ್ತೇನೆ. ಅದಕ್ಕೆ ವೈಫೈ ಇಲ್ಲ, ಪರದೆ ಇಲ್ಲ. ತಳದಲ್ಲಿ ಒಂದು ಮ್ಯಾಗ್ನೆಟ್ ಇದೆ. ಒಳಗೆ ನೀರಿರುವ ತನಕ ಬಿಸಿ 100 ಡಿಗ್ರಿ ಹತ್ತಿರವೇ ನಿಲ್ಲುತ್ತದೆ. ಅಕ್ಕಿ ನೀರು ಕುಡಿದು ಮುಗಿಸಿದ ಕೂಡಲೇ ತಳ ಬಿಸಿಯೇರುತ್ತದೆ, ಮ್ಯಾಗ್ನೆಟ್ ಹಿಡಿತ ಕಳೆದುಕೊಳ್ಳುತ್ತದೆ, ಟಕ್ ಎಂದು ಸ್ವಿಚ್ ಬೀಳುತ್ತದೆ. ಅನ್ನ ಆದಾಗ ತಾನೇ ಆಫ್ ಆಗುವ ಕುಕ್ಕರನ್ನು ಜಪಾನಿನ ತೋಷಿಬಾ 1955ರಲ್ಲೇ ಮಾರಾಟಕ್ಕೆ ತಂದಿತ್ತು. ಅಡುಗೆ ಆಗಿದೆ ಎಂದು ಅಡುಗೆಯನ್ನೇ ಕೇಳಿ ತಿಳಿದುಕೊಳ್ಳುವ ಯಂತ್ರ ಅದು. ನನ್ನ ಅಡುಗೆಮನೆಯಲ್ಲಿ ಅದಕ್ಕಿಂತ ಸ್ಮಾರ್ಟ್ ಆದದ್ದು ಬೇರೆ ಇಲ್ಲ ಎನ್ನುವುದು ಅಮ್ಮನ ವಾದ. ನಾನು ಒಪ್ಪುತ್ತೇನೆ, ಅವಳೆದುರು ಒಪ್ಪಿಲ್ಲ.

ಕೊಳ್ಳುವವರು ಒಂದು ಪ್ರಶ್ನೆ ಕೇಳಲೇಬೇಕು: ಇಂಟರ್ನೆಟ್ ಹೋದರೆ ಇದರ ಗುಂಡಿಗಳು ಕೆಲಸ ಮಾಡುತ್ತವಾ? ಒಂದು ರಾತ್ರಿ ಊಟದ ಹೊತ್ತಿಗೇ ನಮ್ಮ ಓವನ್ ಸಾಫ್ಟ್‌ವೇರ್ ಅಪ್‌ಡೇಟ್ ಶುರು ಮಾಡಿಕೊಂಡು 20 ನಿಮಿಷ ಯಾವ ಗುಂಡಿಗೂ ಓಗೊಡಲಿಲ್ಲ. ಈಗ ಅಪ್‌ಡೇಟನ್ನು ನಡುರಾತ್ರಿಗೆ ಇಟ್ಟಿದ್ದೇನೆ. ಆ್ಯಪ್‌ಗಳೂ ಶಾಶ್ವತ ಏನಲ್ಲ. ಯಮ್ಲಿ ಎಂಬ ಹೆಸರಾದ ರೆಸಿಪಿ ಆ್ಯಪ್ಪನ್ನು 2017ರಲ್ಲಿ ವರ್ಲ್‌ಪೂಲ್ ಕೊಂಡುಕೊಂಡಿತ್ತು, 2024ರ ಕೊನೆಗೆ ಅದು ಮುಚ್ಚಿತು. ನಾನದನ್ನು ಬಳಸುತ್ತಿರಲಿಲ್ಲ, ಆದರೆ ಸುದ್ದಿ ಓದಿದ ದಿನವೇ ನನ್ನ 14 ರೆಸಿಪಿಗಳನ್ನೂ ಟಿಪ್ಪಣಿ ಸಮೇತ ಒಂದು ಫೈಲಿಗೆ ಇಳಿಸಿ, ಪ್ರಿಂಟ್ ತೆಗೆದು ಡ್ರಾಯರ್‌ಗೆ ಹಾಕಿದೆ. ಬೇರೆ ಬೇರೆ ಕಂಪನಿಗಳ ಸಾಧನಗಳು ಒಂದೇ ಭಾಷೆ ಮಾತಾಡಲಿ ಎಂದು ಮಾಡಿರುವ ಮ್ಯಾಟರ್ ಎಂಬ ಒಪ್ಪಂದಕ್ಕೆ 2024ರ ಮೇ ತಿಂಗಳಲ್ಲಿ ಓವನ್, ಮೈಕ್ರೋವೇವ್, ಒಲೆಗಳೂ ಸೇರಿದವು. ಮುಂದಿನ ಸಲ ಏನಾದರೂ ಕೊಂಡರೆ ಆ ಗುರುತು ಇದೆಯಾ ಎಂದು ನೋಡುತ್ತೇನೆ.

ಕಳೆದ ತಿಂಗಳು ಫ್ರಿಜ್ ಬಾಗಿಲಿಗೆ ಮತ್ತೆ ಅದೇ ನಾಲ್ಕು ಕಾಲಂ ಹಾಳೆ ಅಂಟಿಸಿ ಒಂದು ವಾರ ಬರೆದೆ. ಯೋಚಿಸುವ ಕಾಲಂ ಹೆಚ್ಚು ಕಡಿಮೆ ಖಾಲಿ. ಒಲೆ ಮುಂದೆ ನಿಲ್ಲುವುದು 30ರಿಂದ 10 ನಿಮಿಷಕ್ಕೆ ಬಂದಿದೆ, ಅದು ಈರುಳ್ಳಿ ಹುರಿಯುವ ಹೊತ್ತು. ಹೆಚ್ಚುವ ಕೆಲಸ ಒಂದು ನಿಮಿಷವೂ ಇಳಿದಿಲ್ಲ. ತೊಳೆಯುವುದು ಮಾತ್ರ 5 ನಿಮಿಷ ಜಾಸ್ತಿಯಾಗಿದೆ: ಮುಚ್ಚಳದ ರಬ್ಬರ್, ವಾಲ್ವ್, ಹಬೆಯ ನೀರು ಸೇರುವ ಪುಟ್ಟ ಬಟ್ಟಲು, ಥರ್ಮಾಮೀಟರ್ ಕಡ್ಡಿ. ಅದಕ್ಕೆ ಆ್ಯಪ್ ಮಾಡುವ ಸಹಾಯ ಇಷ್ಟೇ, ಪ್ರತಿ ರಾತ್ರಿ ಊಟದ ನಡುವೆ ಒಂದು ನೋಟಿಫಿಕೇಷನ್ ಕಳಿಸುತ್ತದೆ: ರಬ್ಬರ್ ತೊಳೆಯಲು ಮರೆಯಬೇಡಿ.