ಸೀರಿಯಲ್ ಪೆಟ್ಟಿಗೆಗೆ ಮೊದಲು ಬೀಗ, ಆಮೇಲೆ ಬಾಡ್ ರೇಟ್

ವೇಬ್ರಿಡ್ಜ್‌ನ ತೂಕ ತೋರಿಸುವ ಇಂಡಿಕೇಟರ್‌ನ ಬೆನ್ನಿಗೆ ಸಾಮಾನ್ಯವಾಗಿ ಒಂಬತ್ತು ಪಿನ್ನುಗಳ ಸೀರಿಯಲ್ ಪೋರ್ಟ್ ಇರುತ್ತದೆ. ಅದರಿಂದ ಹೊರಡುವ ಆರ್‌ಎಸ್-232 (ಬಿಟ್ಟುಗಳನ್ನು ಒಂದರ ಹಿಂದೊಂದು ಕಳಿಸುವ ಹಳೆಯ ಪದ್ಧತಿ) ತಂತಿಯನ್ನು 15 ಮೀಟರಿಗಿಂತ ಉದ್ದ ಎಳೆದರೆ ಅಂಕಿಗಳನ್ನು ನಂಬುವಂತಿಲ್ಲ. ಬಿಲ್ ಬರೆಯುವ ಕಚೇರಿ 80 ಮೀಟರ್ ಆಚೆ ಇದ್ದಾಗ ನೆರವಿಗೆ ಬರುವುದು ಸೀರಿಯಲ್ ಡಿವೈಸ್ ಸರ್ವರ್ ಎಂಬ ಅಂಗೈಯಗಲದ ಪೆಟ್ಟಿಗೆ. ಒಂದು ಬದಿಗೆ ಸೀರಿಯಲ್ ತಂತಿ, ಇನ್ನೊಂದು ಬದಿಗೆ ನೆಟ್‌ವರ್ಕ್ ಕೇಬಲ್ ಸಿಕ್ಕಿಸಿದರೆ ತೂಕದ ಅಂಕಿ ನೆಟ್‌ವರ್ಕ್ ಮೂಲಕ ಕಚೇರಿಯ ಕಂಪ್ಯೂಟರಿಗೆ ಬರುತ್ತದೆ.

ಈ ಪೆಟ್ಟಿಗೆಯನ್ನು ಕೂರಿಸುವವರಲ್ಲಿ ಹೆಚ್ಚಿನವರು ಮೊದಲು ಅಂಕಿ ಬರಲಿ, ಭದ್ರತೆಯನ್ನು ಆಮೇಲೆ ನೋಡೋಣ ಎನ್ನುತ್ತಾರೆ. ಆ ‘ಆಮೇಲೆ’ ಬಹಳ ಸಲ ಬರುವುದೇ ಇಲ್ಲ. ಸೀರಿಯಲ್ ಪೋರ್ಟ್ ತಾನಾಗಿ ಯಾರ ಹೆಸರನ್ನೂ ಕೇಳುವುದಿಲ್ಲ; ತಂತಿಯನ್ನು ಮುಟ್ಟಬಲ್ಲವನೇ ಅದರ ಯಜಮಾನ. ಅದನ್ನು ನೆಟ್‌ವರ್ಕಿಗೆ ತಂದು ನಿಲ್ಲಿಸಿದೆವೆಂದರೆ ಆ ನೆಟ್‌ವರ್ಕಿನಲ್ಲಿರುವ ಎಲ್ಲರ ಕೈಗೂ ತಂತಿಯ ತುದಿಯನ್ನು ಕೊಟ್ಟಂತೆ. 2015ರ ಡಿಸೆಂಬರ್ 23ರಂದು ಉಕ್ರೇನಿನ ಮೂರು ವಿದ್ಯುತ್ ವಿತರಣಾ ಕಂಪನಿಗಳ ಮೇಲೆ ದಾಳಿ ನಡೆದು ಸುಮಾರು 2.25 ಲಕ್ಷ ಗ್ರಾಹಕರು ಕತ್ತಲಲ್ಲಿ ಉಳಿದಾಗ, ದಾಳಿಕೋರರು ಉಪಕೇಂದ್ರಗಳಲ್ಲಿದ್ದ ಇಂಥವೇ ಪೆಟ್ಟಿಗೆಗಳ ಫರ್ಮ್‌ವೇರನ್ನು, ಅಂದರೆ ಅವುಗಳೊಳಗಿನ ಮೂಲ ತಂತ್ರಾಂಶವನ್ನು, ಕೆಡಿಸಿದ್ದರು; ದೂರದಿಂದ ಬ್ರೇಕರ್ ಹಾಕಲಾಗದೆ ಸಿಬ್ಬಂದಿ ಸ್ಥಳಕ್ಕೇ ಹೋಗಬೇಕಾಯಿತು.

ಮೊದಲಿಗೆ ಪೆಟ್ಟಿಗೆಯನ್ನು ಕಚೇರಿಯ ನೆಟ್‌ವರ್ಕಿಗೆ ಸೇರಿಸದೆ, ಒಂದು ಲ್ಯಾಪ್‌ಟಾಪಿಗೆ ನೇರವಾಗಿ ಜೋಡಿಸಿ. ಮಾಕ್ಸಾ ಕಂಪನಿಯ ಎನ್‌ಪೋರ್ಟ್ ಮಾದರಿಗಳು 192.168.127.254 ಎಂಬ ವಿಳಾಸದೊಂದಿಗೆ ಬರುತ್ತವೆ. ಬೇರೆ ಕಂಪನಿಯದಾದರೆ ಕೈಪಿಡಿಯಲ್ಲಿ ನೋಡಿ. ಲ್ಯಾಪ್‌ಟಾಪಿಗೆ ಅದೇ ಸಾಲಿನ ಇನ್ನೊಂದು ವಿಳಾಸ, ಅಂದರೆ 192.168.127.10 ಕೊಟ್ಟು, ಬ್ರೌಸರಿನಲ್ಲಿ ಪೆಟ್ಟಿಗೆಯ ವಿಳಾಸವನ್ನು ತೆರೆಯಿರಿ. ಒಳಹೊಕ್ಕ ಕೂಡಲೇ ಕಾರ್ಖಾನೆಯ ಪಾಸ್‌ವರ್ಡನ್ನು ಬದಲಿಸಿ, ಏಕೆಂದರೆ ಅದು ಕೈಪಿಡಿ ಓದಿದ ಎಲ್ಲರಿಗೂ ಗೊತ್ತಿರುವ ಗುಟ್ಟು. ಬಳಿಕ ಫರ್ಮ್‌ವೇರ್ ಹೊಸದಿದೆಯೇ ನೋಡಿ, ಸೆಟ್ಟಿಂಗ್ ಪುಟವನ್ನು ಗೂಢಲಿಪಿಯಲ್ಲಿ ಕಳಿಸುವ ಎಚ್‌ಟಿಟಿಪಿಎಸ್ ಆನ್ ಮಾಡಿ, ಗೂಢಲಿಪಿಯಿಲ್ಲದ ಎಚ್‌ಟಿಟಿಪಿ ಮತ್ತು ಟೆಲ್ನೆಟ್ (ದೂರದಿಂದ ಆಜ್ಞೆ ಕೊಡುವ ಹಳೆಯ ವಿಧಾನ) ಎರಡನ್ನೂ ಆಫ್ ಮಾಡಿ. ಈ ಎರಡರಲ್ಲಿಯೂ ಪಾಸ್‌ವರ್ಡ್ ಬಿಚ್ಚಿಟ್ಟ ಅಂಚೆ ಕಾರ್ಡಿನಂತೆ ಸಾಗುತ್ತದೆ. ಪೆಟ್ಟಿಗೆ ತನ್ನ ಪ್ರಮಾಣಪತ್ರಕ್ಕೆ ತಾನೇ ಸಹಿ ಹಾಕಿಕೊಂಡಿರುವುದರಿಂದ ಬ್ರೌಸರ್ ಎಚ್ಚರಿಕೆ ತೋರಿಸುತ್ತದೆ. ನೇರ ತಂತಿಯಲ್ಲಿ ನೀವೇ ಕುಳಿತಿರುವಾಗ ಅದನ್ನು ದಾಟಿ ಮುಂದುವರಿಯಬಹುದು.

ಇಲ್ಲಿಗೆ ಕೆಲಸ ಮುಗಿಯಿತೆಂದುಕೊಳ್ಳುವುದೇ ದೊಡ್ಡ ತಪ್ಪು. ಎಚ್‌ಟಿಟಿಪಿಎಸ್ ಕಾಯುವುದು ಸೆಟ್ಟಿಂಗ್ ಪುಟವನ್ನು ಮಾತ್ರ. ತೂಕದ ಅಂಕಿ ಹರಿಯುವ ಬಾಗಿಲು ಬೇರೆ, ಎನ್‌ಪೋರ್ಟಿನಲ್ಲಾದರೆ ಅದು ಸಾಮಾನ್ಯವಾಗಿ 4001ನೆಯ ಟಿಸಿಪಿ (ನೆಟ್‌ವರ್ಕಿನಲ್ಲಿ ಸಂಪರ್ಕ ಕಟ್ಟುವ ನಿಯಮಾವಳಿ) ಪೋರ್ಟ್. ಅದಕ್ಕೆ ಪಾಸ್‌ವರ್ಡೂ ಇಲ್ಲ, ಗೂಢಲಿಪಿಯೂ ಇಲ್ಲ. ಆದ್ದರಿಂದ ಯಾವ ವಿಳಾಸಗಳಿಗೆ ಪ್ರವೇಶವಿದೆ ಎಂಬ ಪಟ್ಟಿಯಲ್ಲಿ ಬಿಲ್ಲಿಂಗ್ ಕಂಪ್ಯೂಟರಿನ ವಿಳಾಸವನ್ನೂ ಮೇಲ್ವಿಚಾರಕರ ವಿಳಾಸವನ್ನೂ ಬರೆದು ಆ ಪಟ್ಟಿಯನ್ನು ಜಾರಿಗೆ ತನ್ನಿ. ನಿಮ್ಮ ಲ್ಯಾಪ್‌ಟಾಪಿನ ವಿಳಾಸವನ್ನು ಮೊದಲು ಸೇರಿಸಲು ಮರೆತರೆ ನಿಮ್ಮನ್ನೇ ನೀವು ಹೊರಗೆ ಹಾಕಿಕೊಂಡಂತಾಗುತ್ತದೆ. ರೂಟರಿನಲ್ಲಿ ಈ ಪೋರ್ಟನ್ನು ಇಂಟರ್ನೆಟ್ಟಿಗೆ ತೆರೆಯಲೇಬಾರದು; ಹೊರಗಿನಿಂದ ನೋಡಬೇಕಿದ್ದರೆ ವಿಪಿಎನ್, ಅಂದರೆ ಗೂಢಲಿಪಿಯ ಖಾಸಗಿ ಸಂಪರ್ಕ, ಬಳಸಿ.

ಈಗ ಸೀರಿಯಲ್ ಬದಿ. ಇಂಡಿಕೇಟರಿನಲ್ಲಿರುವ ಬಾಡ್ ರೇಟ್ (ಸೆಕೆಂಡಿಗೆ ಸಾಗುವ ಬಿಟ್‌ಗಳ ವೇಗ), ಡೇಟಾ ಬಿಟ್ (ಒಂದು ಅಕ್ಷರದ ಬಿಟ್‌ಗಳ ಸಂಖ್ಯೆ), ಪ್ಯಾರಿಟಿ (ತಪ್ಪು ಪತ್ತೆಗೆ ಸೇರಿಸುವ ಬಿಟ್), ಸ್ಟಾಪ್ ಬಿಟ್ (ಅಕ್ಷರ ಮುಗಿಯಿತೆಂಬ ಗುರುತು) ಎಂಬ ನಾಲ್ಕನ್ನೂ ಪೆಟ್ಟಿಗೆಯಲ್ಲಿ ಹಾಗೆಯೇ ನಮೂದಿಸಬೇಕು. 9600, 8, ಪ್ಯಾರಿಟಿ ಇಲ್ಲ, 1 ಎಂಬುದು ಬಹಳ ಕಡೆ ಕಾಣುವ ಜೋಡಣೆ. ಇದರಲ್ಲಿ ಒಂದು ಅಕ್ಷರಕ್ಕೆ 10 ಬಿಟ್ ತಗಲುವುದರಿಂದ ಸೆಕೆಂಡಿಗೆ 960 ಅಕ್ಷರ ಸಾಗುತ್ತವೆ, ತೂಕದ ಅಂಕಿಗೆ ಅದು ಧಾರಾಳ. ಏನೂ ಬಾರದಿದ್ದರೆ ಮೊದಲು 2 ಮತ್ತು 3ನೆಯ ಪಿನ್ನುಗಳ ತಂತಿಗಳನ್ನು ಅದಲುಬದಲು ಮಾಡಿ ನೋಡಿ. ಅರ್ಥವಿಲ್ಲದ ಚಿಹ್ನೆಗಳೇ ಬಂದರೆ ಬಾಡ್ ರೇಟ್ ತಪ್ಪಿರುವ ಸಾಧ್ಯತೆ ಹೆಚ್ಚು. ಇನ್ನೊಂದು ತೊಡಕು ಇದಕ್ಕಿಂತ ಸ್ವಾರಸ್ಯದ್ದು: 0, 3, 5, 6, 9 ಸರಿಯಾಗಿ ಬಂದು 1, 2, 4, 7, 8 ಮಾತ್ರ ಕೆಟ್ಟು ಬರುತ್ತಿದ್ದರೆ ಇಂಡಿಕೇಟರ್ 7 ಡೇಟಾ ಬಿಟ್ ಮತ್ತು ಸಮ ಪ್ಯಾರಿಟಿಯಲ್ಲಿ ಕಳಿಸುತ್ತಿದೆ, ಪೆಟ್ಟಿಗೆ ಆ ಪ್ಯಾರಿಟಿ ಬಿಟ್ಟನ್ನು ಎಂಟನೆಯ ಡೇಟಾ ಬಿಟ್ ಎಂದು ಓದುತ್ತಿದೆ ಎಂದರ್ಥ. ಕೇಬಲ್ ಬದಲಿಸುತ್ತ ದಿನ ಕಳೆಯುವ ಅಗತ್ಯವಿಲ್ಲ. ಇಂಡಿಕೇಟರಿನಲ್ಲಿ ಆರ್‌ಎಸ್-232ರ ಬದಲು ದೂರಕ್ಕೆ ಹೊಂದುವ ಆರ್‌ಎಸ್-485 ಪದ್ಧತಿ ಇದ್ದರೆ ತಂತಿ 1200 ಮೀಟರ್‌ವರೆಗೂ ಹೋಗುತ್ತದೆ, ಆದರೆ ಎರಡು ತುದಿಗಳಲ್ಲಿ 120 ಓಮ್ ರೆಸಿಸ್ಟರ್ ಹಾಕಬೇಕು.

ಕಚೇರಿಯ ತಂತ್ರಾಂಶ ಹಳೆಯದಾಗಿದ್ದು ಕಾಮ್ ಪೋರ್ಟನ್ನೇ (ಕಂಪ್ಯೂಟರಿನ ಸ್ವಂತ ಸೀರಿಯಲ್ ಪೋರ್ಟನ್ನು) ಕೇಳುವುದಾದರೆ, ಪೆಟ್ಟಿಗೆಯನ್ನು ಅಂಥ ಪೋರ್ಟಿನಂತೆ ತೋರಿಸುವ ವರ್ಚುವಲ್ ಕಾಮ್ ಪೋರ್ಟ್ ಡ್ರೈವರ್ ಹಾಕಿಕೊಳ್ಳಿ. ಟಿಸಿಪಿ ಗೊತ್ತಿರುವ ತಂತ್ರಾಂಶಕ್ಕೆ ಟಿಸಿಪಿ ಸರ್ವರ್ ಮೋಡ್ ಸಾಕು. ತೂಕದ ಸಾಲು ಎರಡು ತುಂಡಾಗಿ ಬರುತ್ತಿದ್ದರೆ, ಸಾಲು ಮುಗಿಯುವ ಗುರುತಾದ ಕ್ಯಾರೇಜ್ ರಿಟರ್ನನ್ನು, ಅಂದರೆ ಹೆಕ್ಸ್ 0ಡಿಯನ್ನು, ಡಿಲಿಮಿಟರ್ ಜಾಗದಲ್ಲಿ ಬರೆಯಿರಿ. ಸಂಪರ್ಕ ಜೀವಂತವಿದೆಯೇ ಎಂದು ಪರೀಕ್ಷಿಸುವ ಅವಧಿಯನ್ನೂ ಕಡಿಮೆ ಇಡಿ. ಇಲ್ಲದಿದ್ದರೆ ಕರೆಂಟು ಹೋಗಿ ಕಂಪ್ಯೂಟರ್ ಹಠಾತ್ತನೆ ಆರಿದಾಗ ಪೆಟ್ಟಿಗೆ ಹಳೆಯ ಸಂಪರ್ಕವನ್ನೇ ಹಿಡಿದುಕೊಂಡು ಹೊಸದನ್ನು ನಿರಾಕರಿಸುತ್ತದೆ, ಹೊರಗೆ ಲಾರಿಗಳು ಸಾಲುಗಟ್ಟುತ್ತವೆ.

ಎಲ್ಲವನ್ನೂ ಉಳಿಸಿ ಪೆಟ್ಟಿಗೆಯನ್ನು ರೀಸ್ಟಾರ್ಟ್ ಮಾಡಿ, ಕಚೇರಿಯ ನೆಟ್‌ವರ್ಕಿಗೆ ಸೇರಿಸಿ. ಪಟ್ಟಿಯಲ್ಲಿಲ್ಲದ ಒಂದು ಕಂಪ್ಯೂಟರಿನಿಂದ ಸೆಟ್ಟಿಂಗ್ ಪುಟವನ್ನೂ 4001ನೆಯ ಪೋರ್ಟನ್ನೂ ತೆರೆಯಲು ಯತ್ನಿಸಿ, ಎರಡೂ ತೆರೆಯಬಾರದು. ಪೆಟ್ಟಿಗೆಯ ಮೇಲಿನ ರೀಸೆಟ್ ಗುಂಡಿಯನ್ನು ಕೆಲವು ಸೆಕೆಂಡು ಒತ್ತಿ ಹಿಡಿದರೆ ಈವರೆಗೆ ಮಾಡಿದ್ದೆಲ್ಲವೂ ಅಳಿಸಿಹೋಗುವುದರಿಂದ ಪೆಟ್ಟಿಗೆಯನ್ನು ಬೀಗವಿರುವ ಕಪಾಟಿನೊಳಗೆ ಕೂರಿಸಿ, ಸೆಟ್ಟಿಂಗ್‌ಗಳ ಒಂದು ಪ್ರತಿಯನ್ನು ಬೇರೆ ಕಡೆ ತೆಗೆದಿಡಿ.